ಬೂದುಗುಂಬಳಕ್ಕೆ ಬೂದಿ ಹೊದಿಸಿದವಳು

ಆಗ ಲೋಕ ಹೊಸದು. ಎಷ್ಟು ಹೊಸದೆಂದರೆ, ಹೊಳೆಗೆ ಇನ್ನೂ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಬೇವಿನ ಮರದ ಈ ಕಡೆ ಹರಿದರೆ ಮರುದಿನ ಆ ಕಡೆ ಹರಿಯುತ್ತಿತ್ತು. ಗಾಳಿ ಮನೆಮನೆಗೆ ಬಂದು ಜಗಲಿಯ ಮೇಲೆ ಕೂತು ಊರ ಸುದ್ದಿ ಹೇಳಿ ಹೋಗುತ್ತಿತ್ತು. ಇರುವೆ ಮಾತಾಡುತ್ತಿತ್ತು, ಹುಳು ಮಾತಾಡುತ್ತಿತ್ತು, ಕುಂಬಳದ ಬಳ್ಳಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆಗ ಬೂದುಗುಂಬಳಕ್ಕೆ ಬೂದಿ ಇರಲಿಲ್ಲ. ನಂಬುವುದಿಲ್ಲವೇ? ಇರಲಿಲ್ಲ ಎಂದರೆ ಇರಲಿಲ್ಲ. ಬರೀ ಕುಂಬಳ ಎಂದೇ ಅದರ ಹೆಸರು. ಹಸಿರಾಗಿ, ನುಣ್ಣಗೆ, ಈಗ ತಾನೇ ಮೀಯಿಸಿ ಕೂರಿಸಿದ ಮಗುವಿನಂತೆ ಹೊಳೆಯುತ್ತಿತ್ತು. ಅದಕ್ಕೆ ಬೂದಿ ಹೇಗೆ ಬಂತು ಎಂಬುದೇ ಈ ಕಥೆ. ಇದು ಹೊಟ್ಟೆಕಿಚ್ಚಿನ ಕಥೆ. ಹೊಟ್ಟೆಕಿಚ್ಚೇ ಇಲ್ಲದ ಮಕ್ಕಳು ಯಾರಾದರೂ ಇದ್ದರೆ ಎದ್ದು ಹೊರಗೆ ಆಡಲು ಹೋಗಬಹುದು. ಯಾರೂ ಏಳಲಿಲ್ಲವೇ? ಸರಿ, ಕೇಳಿ.

ಹೊಳೆಯ ದಂಡೆಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಿದ್ದವು. ಒಂದರಲ್ಲಿ ಹಿರಿ ಸೊಸೆ ಮಾಳವ್ವ, ಇನ್ನೊಂದರಲ್ಲಿ ಕಿರಿ ಸೊಸೆ ಹೊನ್ನಿ. ಅವರ ಗಂಡಂದಿರೂ ಇದ್ದರು, ಹೊಳೆಗೆ ದಾರಿ ತೋರಿಸಲು ಕಾಲುವೆ ತೋಡುತ್ತಿದ್ದರು. ಅವರಿಗೆ ಈ ಕಥೆಯಲ್ಲಿ ಕೆಲಸವಿಲ್ಲ. ಅತ್ತೆ ಸಿದ್ದವ್ವ ಒಂದು ಹೊತ್ತು ಇವಳ ಮನೆಯಲ್ಲಿ ಉಂಡರೆ ಇನ್ನೊಂದು ಹೊತ್ತು ಅವಳ ಮನೆಯಲ್ಲಿ ಉಣ್ಣುತ್ತಿದ್ದಳು. ಮನೆಗಳ ಹಿಂದೆ ಹಿತ್ತಲು, ಹಿತ್ತಲ ನಡುವೆ ಮೊಣಕಾಲೆತ್ತರದ ಒಂದು ಬೇಲಿ.

ಹೊನ್ನಿ ಮದುವೆಯಾಗಿ ಬರುವ ಮೊದಲು ಆ ಮನೆಯಲ್ಲಿ ಎಲ್ಲದಕ್ಕೂ ಮಾಳವ್ವನೇ. ಹಸು ಹಾಲು ಕೊಡದಿದ್ದರೆ ಮಾಳವ್ವ, ಅತ್ತೆಯ ಮಂಡಿ ನೋವಿಗೆ ಎಣ್ಣೆ ತಿಕ್ಕಲು ಮಾಳವ್ವ, ಸಾರಿಗೆ ಉಪ್ಪು ಹಾಕಲು ಮಾಳವ್ವ. "ಮಾಳವ್ವನ ಕೈಗುಣ" ಎಂದು ಸಿದ್ದವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಮಾಳವ್ವನಿಗೆ ಹೊಟ್ಟೆ ತುಂಬುತ್ತಿತ್ತು.

ಆಮೇಲೆ ಹೊನ್ನಿ ಬಂದಳು. ಬಂದ ವಾರದೊಳಗೇ ಒಂದು ದಿನ ಅವಳು ಹುರುಳಿ ಸಾರು ಮಾಡಿದಳು. ಸಿದ್ದವ್ವ ಉಂಡು, ಬಟ್ಟಲನ್ನು ಬೆರಳಿನಿಂದ ಸವರಿ, ಇನ್ನಷ್ಟು ಹಾಕು ಎಂದಳು. ಅಷ್ಟೇ ಆದದ್ದು. ಇನ್ನಷ್ಟು ಹಾಕು ಎಂದದ್ದು ಮಾತ್ರ. ಆದರೆ ಸೊಸೆಯಾಗಿ ಬಂದ ಇಷ್ಟು ಕಾಲದಲ್ಲಿ ತನ್ನ ಸಾರಿಗೆ ಅತ್ತೆ ಹಾಗೆಂದದ್ದು ಮಾಳವ್ವನಿಗೆ ನೆನಪಿರಲಿಲ್ಲ. ಅವತ್ತಿನಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಹೊನ್ನಿ ರಂಗೋಲಿ ಬಿಟ್ಟರೆ ಮಾಳವ್ವನ ಕಣ್ಣು ತನ್ನ ಬಾಗಿಲಿನ ಮೇಲಲ್ಲ, ಹೊನ್ನಿಯ ಬಾಗಿಲಿನ ಮೇಲೆ. ಹೊನ್ನಿಯ ಹಸು ಕೂಗಿದರೆ, ಅವಳದ್ದಕ್ಕೆ ಕೂಗಲೂ ಚೆನ್ನಾಗಿ ಬರುತ್ತದೆ ಎಂದು ಇವಳಿಗೆ ಸಂಕಟ. ಅದೊಂದು ವಿಚಿತ್ರ ಕಾಯಿಲೆ, ಮಕ್ಕಳೇ. ಊಟ ಅವರು ಮಾಡುತ್ತಾರೆ, ಹೊಟ್ಟೆ ಉರಿಯುವುದು ನಮಗೆ.

ಹೀಗಿರುವಾಗ ಒಂದು ದಿನ ಸಿದ್ದವ್ವ ಅಟ್ಟದಿಂದ ಬೀಜದ ಗಡಿಗೆ ಇಳಿಸಿದಳು. ಆ ಗಡಿಗೆಯೆಂದರೆ ಆ ಮನೆಯ ಯಜಮಾನಿಕೆ ಇದ್ದ ಹಾಗೆ. ಅದು ಯಾರ ಕೈಯಲ್ಲಿದೆಯೋ ಅವಳು ಹೇಳಿದ ದಿನ ಬಿತ್ತನೆ, ಅವಳು ಕೊಟ್ಟರೆ ಬೀಜ. ಗಡಿಗೆಯ ಬಾಯಿ ಬಿಚ್ಚಿ ನೋಡಿದರೆ ಕುಂಬಳದ ಬೀಜಕ್ಕೆಲ್ಲ ಹುಳು ಹಿಡಿದು ಬರೀ ಹಿಟ್ಟು. ಗಟ್ಟಿಯಾಗಿ ಉಳಿದದ್ದು ಎರಡೇ ಬೀಜ. ಲೋಕ ಹೊಸದಲ್ಲವೇ, ಬೇರೆ ಊರಿನಿಂದ ತರೋಣವೆಂದರೆ ಬೇರೆ ಊರೇ ಇನ್ನೂ ಹುಟ್ಟಿರಲಿಲ್ಲ. ಆ ಎರಡು ಬೀಜ ಹೋದರೆ ಲೋಕದಲ್ಲಿ ಕುಂಬಳವೇ ಇಲ್ಲ.

ಸಿದ್ದವ್ವ ಒಂದು ಬೀಜವನ್ನು ಮಾಳವ್ವನ ಅಂಗೈಯಲ್ಲಿ ಇಟ್ಟಳು, ಇನ್ನೊಂದನ್ನು ಹೊನ್ನಿಯ ಅಂಗೈಯಲ್ಲಿ.

"ನಂಗೆ ವಯಸ್ಸಾಯ್ತು ಕಣ್ರವ್ವ. ಯಾರ ಬಳ್ಳೀಲಿ ಕಾಯಿ ಬಲಿತು ಬೀಜ ಕಟ್ಟುತ್ತೋ ಈ ಗಡಿಗೆ ಅವರದು."

ಗಡಿಗೆ ಹಿರಿ ಸೊಸೆಗೆ ಬರಬೇಕಾದದ್ದು. ಅದಕ್ಕೂ ಪಂದ್ಯ ಕಟ್ಟಿದರಲ್ಲ ಎಂದು ಮಾಳವ್ವನಿಗೆ ಅಳು ಬಂತು. ಅಳಲಿಲ್ಲ. ಹೊನ್ನಿ ಅಲ್ಲಿದ್ದಳಲ್ಲ, ಅದಕ್ಕೆ.

ಇಬ್ಬರೂ ಬೀಜ ಊರಿದರು, ಬೇಲಿಯ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು. ಎರಡೂ ಮೊಳೆತವು. ಎರಡೂ ಬಳ್ಳಿ ಹಬ್ಬಿದವು. ಮಾಳವ್ವ ತನ್ನ ಬಳ್ಳಿಯನ್ನು ಎಷ್ಟು ಮುದ್ದು ಮಾಡಿದಳೆಂದರೆ, ಹೊನ್ನಿ ಬಳ್ಳಿಗೆ ನೀರು ಹಾಕಿದರೆ ಇವಳು ಹಾಲು ಹಾಕಿದಳು. ಹೊನ್ನಿ ಸೆಗಣಿ ಗೊಬ್ಬರ ಹಾಕಿದರೆ ಇವಳು ಬೆಲ್ಲದ ನೀರು ಹಾಕಿದಳು. ಬೆಲ್ಲದ ನೀರಿನ ವಾಸನೆಗೆ ಇರುವೆಗಳು ಬಂದವು. ಬಂದ ಇರುವೆಗಳು ಕೈಮುಗಿದು, ಅವ್ವ, ಊಟ ಚೆನ್ನಾಗಿದೆ, ನಮ್ಮ ನೆಂಟರನ್ನೂ ಕರೆದುಕೊಂಡು ಬರುತ್ತೇವೆ ಎಂದವು. ನೋಡಿದೆಯಾ, ನನ್ನ ಬಳ್ಳಿಗೆ ಎಂಥ ಮರ್ಯಾದೆ ಎಂದು ಮಾಳವ್ವ ಬೇಲಿಯಾಚೆ ಕೇಳಿಸುವ ಹಾಗೆ ಹೇಳಿಕೊಂಡಳು. ಇರುವೆಗಳು ಹೋಗಿ ಎಲೆಯ ರಸ ಹೀರುವ ಹೇನಿನಂಥ ಸಣ್ಣ ಸಣ್ಣ ಹುಳುಗಳನ್ನು ಬೆನ್ನ ಮೇಲೆ ಹೊತ್ತು ತಂದು ಎಲೆಯಡಿ ಬಿಟ್ಟವು.

ಬೇಲಿಯಾಚೆ ಹೊನ್ನಿಯ ಬಳ್ಳಿ ಹೂ ಬಿಟ್ಟಿತು. ಮಾಳವ್ವನ ಬಳ್ಳಿಗಿಂತ ಒಂದು ದಿನ ಮೊದಲು.

ಆ ಒಂದು ದಿನ ಮಾಳವ್ವನಿಗೆ ಸಹಿಸಲಾಗಲಿಲ್ಲ. ಅವಳ ಮನೆಯಲ್ಲಿ ಮಜ್ಜಿಗೆ ಕೆಟ್ಟು ಮೂಗು ಮುಚ್ಚಿಕೊಳ್ಳುವಷ್ಟು ಹುಳಿ ಹೊಡೆದಿತ್ತು. ಆ ಮಜ್ಜಿಗೆಗೆ ನೀರು ಹಾಕಿ ಕಲಕಿ, ಹೊನ್ನಿ ಹೊಳೆಗೆ ಹೋದ ಹೊತ್ತು ನೋಡಿ, ಬೇಲಿಯಾಚೆಯ ಬಳ್ಳಿಯ ಮೇಲೆ ಅಷ್ಟನ್ನೂ ಚಿಮುಕಿಸಿದಳು. ಕೊಳೆತು ಹೋಗಲಿ ಎಂದುಕೊಂಡಳು. ಹೊನ್ನಿಯ ಬಳ್ಳಿಗೆ ಆಗಷ್ಟೇ ಎಲೆಯ ಮೇಲೆ ಬಿಳಿ ಬೂಷ್ಟು ಹತ್ತಿ ಹೂ ಉದುರಲು ಶುರುವಾಗಿತ್ತು. ಹುಳಿ ಮಜ್ಜಿಗೆ ಬಿದ್ದ ಮೇಲೆ ಬೂಷ್ಟು ಹೋಯಿತು, ಹೂ ಉದುರದೆ ನಿಂತವು.

ಮೂಲೆಯಲ್ಲಿ ಕೂತು ಎಲ್ಲ ನೋಡಿದ ಗಾಳಿ ಸುಮ್ಮನಿದ್ದೀತೇ? ಗಾಳಿಗೆ ಏನಾಯಿತು ಎಂಬುದಷ್ಟೇ ಗೊತ್ತು, ಯಾಕಾಯಿತು ಎಂದು ಅದು ಯಾವತ್ತೂ ಕೇಳುವುದಿಲ್ಲ. ಹೊಳೆಯಿಂದ ಬರುತ್ತಿದ್ದ ಹೊನ್ನಿಗೆ ಎದುರಾಗಿ, ನಿಮ್ಮಕ್ಕ ನಿನ್ನ ಬಳ್ಳಿಗೆ ಮಜ್ಜಿಗೆ ಚಿಮುಕಿಸಿದಳು ಎಂದಿತು. ಸಂಜೆ ಹೊನ್ನಿ ಒಂದು ಬಟ್ಟಲು ಹುರುಳಿ ಸಾರು ತಂದು ಮಾಳವ್ವನ ಮುಂದೆ ಇಟ್ಟು, ನಿನ್ನ ಕೈಗುಣದಿಂದ ನನ್ನ ಹೂ ಉಳಿಯಿತು ಅಕ್ಕ ಎಂದಳು.

ಕೈಗುಣ! ಎಷ್ಟು ದಿನದಿಂದ ಮಾಳವ್ವ ಆ ಮಾತಿಗೆ ಕಾಯುತ್ತಿದ್ದಳು. ಬಂತು, ಆದರೆ ಬರಬಾರದವಳ ಬಾಯಿಂದ, ಬರಬಾರದ ಕಾರಣಕ್ಕೆ. ಸಾರನ್ನು ಹಸುವಿಗೆ ಹಾಕಲೇ ಎಂದುಕೊಂಡಳು. ಕೊನೆಗೆ ತಾನೇ ಉಂಡಳು. ಚೆನ್ನಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

ಮುಂದೆ ಅಂಟುವಾಳದ ಸರದಿ. ಅಂಟುವಾಳದ ಕಾಯಿ ನೆನೆಸಿ ಬಟ್ಟೆ ಒಗೆದ ನೊರೆನೀರು ಎಲೆ ಸುಟ್ಟೀತು ಎಂದು ಮಾಳವ್ವ ಲೆಕ್ಕ ಹಾಕಿದಳು. ಅಷ್ಟರಲ್ಲಿ ಇವಳ ಬಳ್ಳಿಯ ಹೇನುಹುಳುಗಳಲ್ಲಿ ಅರ್ಧ ಬೇಲಿ ದಾಟಿ ಹೊನ್ನಿಯ ಬಳ್ಳಿಯ ಎಲೆಯಡಿಯೂ ಮನೆ ಮಾಡಿದ್ದವು. ಮಾಳವ್ವ ಎಲೆಗಳನ್ನು ಎತ್ತಿ ಎತ್ತಿ ಹಿಂಬದಿಗೂ ನೊರೆನೀರು ಹೊಡೆದಳು; ಹಾಳು ಮಾಡುವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವ ಹೆಂಗಸು ಅವಳು. ಹುಳುಗಳು ನೊರೆಯಲ್ಲಿ ಜಾರಿ ಜಾರಿ ಬಿದ್ದವು. ಹೊನ್ನಿಯ ಬಳ್ಳಿಯ ಎಲೆಗಳು ಅಂಗೈಯಂತೆ ಬಿಚ್ಚಿಕೊಂಡವು. ಗಾಳಿ ಮತ್ತೆ ಹೋಗಿ ಹೇಳಿತು. ಹೊನ್ನಿ ಮತ್ತೆ ಬಂದು ಅಕ್ಕನ ಕೈಗುಣ ಎಂದಳು. ಈ ಸಲ ಅತ್ತೆಯ ಮುಂದೆಯೇ ಎಂದಳು. ಸಿದ್ದವ್ವ ಹಿರಿ ಸೊಸೆಯ ಮುಖ ನೋಡುತ್ತ ಎಲೆಯಡಿಕೆ ಜಗಿದಳು.

ಆಮೇಲೆ ಬಂದವು ನೋಡಿ, ಕೆಂಪು ದುಂಬಿಗಳು. ಕಡಲೆಬೇಳೆಯಷ್ಟು ಗಾತ್ರ, ಕೆಂಡದ ಬಣ್ಣ, ಜರಡಿ ಮಾಡಿದ ಹಾಗೆ ಎಲೆಯನ್ನು ತೂತು ತೂತು ಮಾಡುವ ಹಲ್ಲು. ಮೊದಲು ಹೊನ್ನಿಯ ಬಳ್ಳಿಗೇ ಇಳಿದವು. ಮಾಳವ್ವ ಬೇಲಿಯ ಬಳಿ ನಿಂತು ನೋಡಿದಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಯಿತು.

ಹೋಗುವ ಬಳ್ಳಿಯನ್ನು ಪೂರ್ತಿ ಕಳಿಸಿಯೇ ಬಿಡೋಣ ಎಂದುಕೊಂಡು ಅವಳು ಒಲೆಯ ಬೂದಿ ಬಾಚಿದಳು. ಆ ಕಾಲದಲ್ಲಿ ಬೂದಿಯೆಂದರೆ ಎಲ್ಲರಿಗೂ ಹೆದರಿಕೆ. ಬೆಂಕಿ ಸತ್ತ ಮೇಲೆ ಉಳಿಯುವುದು ಬೂದಿ. ಅದು ಬಿದ್ದ ಜಾಗ ಹಾಳು ಎಂದೇ ನಂಬಿಕೆ. ಪಾತ್ರೆ ತಿಕ್ಕಲು ಕೂಡ ಅದನ್ನು ಮುಟ್ಟುತ್ತಿರಲಿಲ್ಲ, ದೂರ ಒಯ್ದು ಗುಂಡಿಯಲ್ಲಿ ಸುರಿದು ತಿರುಗಿ ನೋಡದೆ ಬರುತ್ತಿದ್ದರು. ಅಂಥ ಬೂದಿಯನ್ನು ಮಾಳವ್ವ ಮೊರದ ತುಂಬ ತಂದು ನಡುಮಧ್ಯಾಹ್ನ ಬೇಲಿಯಾಚೆ ಬೀಸಿ ಎರಚಿದಳು. ಗಾಳಿ ಅಲ್ಲೇ ಇತ್ತು. ಬೂದಿಯೆಲ್ಲ ತಿರುಗಿ ಬಂದು ಅವಳ ಮುಖ, ಮೂಗು, ತಲೆಗೂದಲಿನ ಮೇಲೇ ಕೂತಿತು.

"ನಾನು ಓಡಾಡೋ ಹೊತ್ತಲ್ಲಿ ಬೂದಿ ಎರಚಿದ್ರೆ ನಿಲ್ಲುತ್ತಾ ಮಾಳವ್ವ?" ಎಂದಿತು ಗಾಳಿ. "ಬೆಳಕು ಹರಿಯೋ ಹೊತ್ತಿಗೆ ಬಾ. ಆಗ ನಾನು ಹೊಳೆ ಮೇಲೆ ಮಲಗಿರ್ತೀನಿ. ಎಲೆ ಮೇಲೆ ಇಬ್ಬನಿ ಇರುತ್ತೆ. ಬೂದಿ ಕಚ್ಕೊಳ್ಳುತ್ತೆ."

ಮರುದಿನ ಬೆಳಗಾಗುತ್ತಲೇ ಮಾಳವ್ವ ಹೋದಳು. ಗಾಳಿ ಮಲಗಿತ್ತು. ಇಬ್ಬನಿ ಎದ್ದಿತ್ತು. ಕೆಂಡ ಆರದಿರಲೆಂದು ರಾತ್ರಿ ಬೂದಿ ಮುಚ್ಚಿಟ್ಟಿದ್ದಳು. ಅದೇ ಬೂದಿ, ಇನ್ನೂ ಉಗುರುಬೆಚ್ಚಗಿತ್ತು. ಹಿಡಿ ಹಿಡಿಯಾಗಿ ಎಲೆಯ ಮೇಲೆ, ಕುಡಿಯ ಮೇಲೆ ಎರಚಿದಳು. ಬಳ್ಳಿ ಬೂದು ಬಣ್ಣವಾಗುವ ತನಕ ಎರಚಿದಳು. ಮರುದಿನವೂ ಹೋದಳು. ಅದರ ಮರುದಿನವೂ ಹೋದಳು.

ದುಂಬಿಗಳ ಪಾಡು ಏನೆಂದು ಹೇಳಲಿ. ಕಚ್ಚಿದರೆ ಹಲ್ಲಿನಲ್ಲಿ ಬೂದಿ, ನಡೆದರೆ ಕಾಲಿನಲ್ಲಿ ಬೂದಿ, ರೆಕ್ಕೆ ಬಿಚ್ಚಿದರೆ ಕಂಕುಳಲ್ಲಿ ಬೂದಿ. ಇದು ಊಟವೋ ಶಿಕ್ಷೆಯೋ ಎಂದು ಅವು ಬೈದುಕೊಂಡವು. ಪಕ್ಕದ ಮನೆಯಲ್ಲಿ ಹಾಲು ಬೆಲ್ಲ ಹಾಕಿ ಸಾಕಿದ ಬಳ್ಳಿಯಿದೆಯಂತೆ ಎಂದು ಇರುವೆಗಳು ದಾರಿ ತೋರಿಸಿದವು. ಒಂದೂ ಉಳಿಯದೆ ದುಂಬಿಗಳೆಲ್ಲ ಬೇಲಿ ದಾಟಿ ಮಾಳವ್ವನ ಬಳ್ಳಿಗೆ ಇಳಿದವು.

ಒಂದು ಬೆಳಿಗ್ಗೆ ಹೊನ್ನಿ ಬೇಲಿಯ ಬಳಿ ಬಂದಳು. ಮಾಳವ್ವನ ಬಳ್ಳಿಯ ತೂತು ಬಿದ್ದ ಎಲೆಗಳನ್ನು ನೋಡಿ ಅವಳ ಕಣ್ಣಲ್ಲಿ ನೀರು ನಿಂತಿತು.

"ಅಕ್ಕ, ನನ್ನ ಬಳ್ಳಿಗೆ ಹಾಕಿದಂಗೆ ನಿನ್ನ ಬಳ್ಳಿಗೂ ಒಂದಿಷ್ಟು ಬೂದಿ ಎರಚು. ನಿಂಗೆ ಕೈ ಬಿಡುವಿಲ್ಲದಿದ್ರೆ ನಾನೇ ಎರಚ್ತೀನಿ."

ಮಾಳವ್ವ ದಿಟ್ಟಿಸಿ ನೋಡಿದಳು. ಓಹೋ, ಇವಳಿಗೆ ಎಲ್ಲ ಗೊತ್ತಾಗಿದೆ ಎಂದುಕೊಂಡಳು. ತನ್ನ ಬಳ್ಳಿಗೆ ಬೂದಿ ಬಿದ್ದದ್ದಕ್ಕೆ ನನ್ನ ಬಳ್ಳಿಗೂ ಬೂದಿ ಬೀಳಬೇಕು ಎಂದು ನೋಡುತ್ತಿದ್ದಾಳೆ. ಅದನ್ನು ನನ್ನ ಕೈಯಿಂದಲೇ ಮಾಡಿಸುವ ಹುನ್ನಾರ. ಎದುರಿಗೇ ಬೂದಿ ಬಿದ್ದ ಬಳ್ಳಿ ಚಿಗುರಿ ನಿಂತಿತ್ತು. ಆದರೆ ಮಾಳವ್ವನ ಕಣ್ಣಿಗೆ ಚಿಗುರು ಕಾಣಲಿಲ್ಲ, ಹೊನ್ನಿ ಮಾತ್ರ ಕಂಡಳು. ನನ್ನ ಬಳ್ಳಿಯ ಹತ್ತಿರ ಬಂದರೆ ಕೈ ಮುರಿಯುತ್ತೇನೆ ಎಂದು ಹೇಳಿ ಕಳಿಸಿದಳು. ಮತ್ತಷ್ಟು ಬೆಲ್ಲದ ನೀರು ಹಾಕಿದಳು. ದುಂಬಿಗಳು ತಿಂದವು, ಹೇನುಹುಳುಗಳು ಹೀರಿದವು, ಇರುವೆಗಳು ಮೇಲೆ ಕೆಳಗೆ ಓಡಾಡಿ ಹಬ್ಬ ಮಾಡಿದವು. ಬಳ್ಳಿ ಮೊದಲು ಮಾತು ಕಡಿಮೆ ಮಾಡಿತು, ಆಮೇಲೆ ನಿಲ್ಲಿಸಿತು. ಒಂದು ಮಧ್ಯಾಹ್ನ ಮಾಳವ್ವ ಹೋಗಿ ಮುಟ್ಟಿದಾಗ ಅದು ಬರೀ ಒಣ ಹಗ್ಗವಾಗಿತ್ತು.

ಮಾಳವ್ವ ಅಲ್ಲೇ ಕೂತು ಅತ್ತಳು. ಗಡಿಗೆ ಹೋಯಿತು ಎಂದು ಅತ್ತಳು. ಹೊನ್ನಿಯ ಬಳ್ಳಿ ಇನ್ನೂ ಇದೆ ಎಂದು ಇನ್ನೂ ಜೋರಾಗಿ ಅತ್ತಳು.

ಹೊನ್ನಿಯ ಬಳ್ಳಿಯಲ್ಲಿ ಕಾಯಿ ಕಚ್ಚಿತ್ತು. ಒಂದೇ ಒಂದು ಕಾಯಿ. ಅದೂ ಎಲ್ಲಿ? ಬಳ್ಳಿ ಬೇಲಿ ಹತ್ತಿ, ಬೇಲಿಯಿಂದ ಮಾಳವ್ವನ ಮನೆಯ ಹುಲ್ಲಿನ ಮಾಡು ಹತ್ತಿ, ಅವಳ ಒಲೆಯ ಹೊಗೆ ಹೋಗುವ ಕಿಂಡಿಯ ಪಕ್ಕದಲ್ಲಿ ಆ ಕಾಯಿಯನ್ನು ಇಟ್ಟಿತ್ತು. ಎದ್ದರೆ ಅದು, ಕೂತರೆ ಅದು. ಅಡುಗೆ ಮಾಡುತ್ತ ತಲೆ ಎತ್ತಿದರೆ ಕಿಂಡಿಯಲ್ಲಿ ಅದರದೇ ಹಸಿರು ಕೆನ್ನೆ. ತನ್ನ ಮನೆಯ ಮೇಲೇ ಬಂದು ಕೂತು ತನ್ನನ್ನು ಅಣಕಿಸುತ್ತಿದೆ ಎಂದು ಮಾಳವ್ವನಿಗೆ ತಲೆ ಕೆಟ್ಟಿತು. ಬೂದಿ ಎರಚುವುದನ್ನೂ ನಿಲ್ಲಿಸಿದಳು. ಅದರಿಂದ ಏನೂ ಆಗುವುದಿಲ್ಲ ಎಂದು ಅವಳ ಲೆಕ್ಕ. ಕೊನೆಗೆ ಒಂದು ಬೆಳಿಗ್ಗೆ, ಗಾಳಿ ಏಳುವ ಮೊದಲೇ, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಏಣಿ ಇಟ್ಟು ಮಾಡು ಹತ್ತಿದಳು.

ಕಾಯಿ ಇಬ್ಬನಿಯಲ್ಲಿ ನೆನೆದು ಕೂತಿತ್ತು. ಚಳಿಗೆ ಅದರ ಮೈಮೇಲೆಲ್ಲ ಸಣ್ಣ ರೋಮ ಎದ್ದಿತ್ತು. ಮಾಳವ್ವ ತೊಟ್ಟಿಗೆ ಕೈ ಹಾಕಿದಳು. ರೋಮ ಚುಚ್ಚಿತು.

"ಅವ್ವ, ಬಂದ್ಯಾ?" ಎಂದಿತು ಕಾಯಿ.

ಮಾಳವ್ವನ ಕೈ ನಿಂತಿತು. ನಿನ್ನ ಅವ್ವ ಆ ಕಡೆ ಇದ್ದಾಳೆ ಎಂದಳು.

"ಅವಳು ನೆಟ್ಟೋಳು. ಸಾಕಿದ್ದು ನೀನು. ನಾನು ಹೂವಿನೊಳಗೆ ಮಲಗಿದ್ದಾಗ ಮಜ್ಜಿಗೆ ಕುಡಿಸಿದ್ದು ಯಾರು? ನನ್ನ ಬಳ್ಳಿ ಎಲೆ ಎತ್ತಿ ಎತ್ತಿ ತೊಳೆದಿದ್ದು ಯಾರು? ಎಷ್ಟು ದಿನ ಆಯ್ತು ನೀನು ಬಂದು. ಚಳಿ ಆಗ್ತಾ ಐತವ್ವ. ನಿನ್ನ ಬೂದಿ ಬೆಚ್ಚಗಿರ್ತಿತ್ತು. ಇವತ್ತು ಹೊದಿಸ್ತೀಯಾ?"

ಕುಡುಗೋಲು ಅವಳ ಸೊಂಟದಲ್ಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ. ಹೋಗಲೂ ಇಲ್ಲ. ಮಾಡಿನ ಮೇಲೆ ಹಾಗೇ ಕೂತಳು. ಇಡೀ ಲೋಕದಲ್ಲಿ ತನ್ನ ಬರವನ್ನು ಕಾದು ಕೂತಿದ್ದ ಜೀವ ಇದೊಂದೇ, ಅದೂ ತಾನು ಕೊಲ್ಲಲು ಹೋದ ಜೀವ ಎಂದು ಅವಳಿಗೆ ಹೊಳೆಯಿತು. ಕಾಯಿ ಮತ್ತೊಮ್ಮೆ ಅವ್ವ ಎಂದಿತು. ಅವಳು ಇಳಿದು ಒಳಗೆ ಹೋದಳು. ಒಲೆಯ ಬೂದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಈ ಸಲ ಎರಚಲಿಲ್ಲ. ಅಂಗೈಯಲ್ಲಿ ತೆಗೆದುಕೊಂಡು ಕಾಯಿಯ ಮೈಗೆಲ್ಲ ನಿಧಾನವಾಗಿ ಸವರಿದಳು, ಕೆಳಗೆ ಹುಲ್ಲಿಗೆ ತಾಗುವ ಕಡೆಯೂ ಬಿಡದೆ ಸವರಿದಳು. ಬೆಚ್ಚಗಾಯಿತು ಎಂದು ಹೇಳಿ ಕಾಯಿ ನಿದ್ದೆಹೋಯಿತು.

ಆಮೇಲೆ ಕಾಯಿ ಬೆಳೆಯಿತು, ಬಲಿಯಿತು. ಬಲಿತ ಮೇಲೆ ಕಾಯಿಗಳು ಮಾತು ನಿಲ್ಲಿಸುತ್ತವೆ. ಇದೂ ನಿಲ್ಲಿಸಿತು.

ಕಾಯಿ ಒಡೆಯಲು ಸಿದ್ದವ್ವ ಹೇಳಿದ ದಿನ ಬಂತು. ಕಾಯಿಯನ್ನು ಇಳಿಸಿ ಅಂಗಳದಲ್ಲಿ ಇಟ್ಟರು, ಪಕ್ಕದಲ್ಲಿ ಬೀಜದ ಗಡಿಗೆ. ಗಡಿಗೆಯನ್ನು ಹೊನ್ನಿಯ ಕಡೆ ಸರಿಸಲು ಸಿದ್ದವ್ವ ಕೈ ಹಾಕಿದಾಗ ಹೊನ್ನಿ ತಡೆದಳು. ಬಳ್ಳಿ ನನ್ನದಾದರೂ ಅದನ್ನು ಉಳಿಸಿದ್ದು ಅಕ್ಕ, ತನ್ನ ಬಳ್ಳಿ ಸಾಯುತ್ತಿದ್ದರೂ ನನ್ನದಕ್ಕೆ ದುಡಿದಳು, ಗಡಿಗೆ ಅಕ್ಕನಿಗೇ ಸೇರಬೇಕು ಎಂದಳು. ಸುತ್ತ ನಿಂತಿದ್ದ ಇರುವೆ, ಗಾಳಿ, ಹಸು ಎಲ್ಲ ತಲೆದೂಗಿದವು. ಎಂಥ ಒಳ್ಳೆಯವಳು ಎಂದವು.

ಈಗ ನೀವು ಹೇಳುತ್ತೀರಿ, ಮಾಳವ್ವನ ಮನಸ್ಸು ಕರಗಿತು ಎಂದು. ಇಲ್ಲ. ಮಾಳವ್ವನಿಗೆ ಅಂಗಾಲಿನಿಂದ ನೆತ್ತಿಯ ತನಕ ಉರಿ ಹತ್ತಿತು. ಸಾರಿನಲ್ಲಿ ಇವಳು ಮುಂದೆ, ರಂಗೋಲಿಯಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಇವಳೇ ಮುಂದೆ. ಗಡಿಗೆಯನ್ನೂ ಕೊಟ್ಟು ಹೊಗಳಿಕೆಯನ್ನೂ ಒಯ್ಯುತ್ತಾಳೆ. ಅದನ್ನು ತಡೆಯಲು ಮಾಳವ್ವನ ಬಳಿ ಇದ್ದದ್ದು ಒಂದೇ, ನಿಜ. ಅದನ್ನೇ ಎತ್ತಿ ಎಸೆದಳು.

"ನಾನು ದುಡಿಯಲಿಲ್ಲ ಕಣೆ. ಹಾಳಾಗಲಿ ಅಂತ ಎರಚಿದೆ. ಎಲ್ಲಾನೂ ಅದಕ್ಕೇ ಎರಚಿದೆ."

ಹೊನ್ನಿಯ ಮುಖ ಚಿಕ್ಕದಾಯಿತು.

"ಮಜ್ಜಿಗೆನೂ?"

"ಮಜ್ಜಿಗೆನೂ."

"ಅಂಟುವಾಳದ ನೀರೂ?"

"ಅದೂನೂ."

ಗಾಳಿ ಕೂಡ ಉಸಿರಾಡಲಿಲ್ಲ. ಹೊನ್ನಿ ಕಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆ ಎತ್ತದೆ ಕೇಳಿದಳು.

"ಇದರ ಮೈಮೇಲೆ ಇರೋ ಬೂದಿ? ನಾನು ನೋಡಿದೆ ಅಕ್ಕ, ಆ ದಿನ ನೀನು ಮಾಡಿನ ಮೇಲೆ ಕೂತಿದ್ದು. ಅದೂ ಹಾಳಾಗಲಿ ಅಂತಲೇನಾ?"

ಮಾಳವ್ವ ಹೌದು ಎನ್ನಲು ಹೋದಳು, ಆಗಲಿಲ್ಲ. ಇಲ್ಲ ಎಂದರೆ ತಾನೂ ಒಳ್ಳೆಯವಳಾಗಿಬಿಡುತ್ತೇನೆ ಎಂದು ಅದನ್ನೂ ಹೇಳಲಾಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸಿದ್ದವ್ವ ಒಂದು ಹಸಿ ಬಟ್ಟೆ ತಂದು ಕಾಯಿಯನ್ನು ಒರೆಸಿದಳು. ಬೂದಿ ಹೋಗಿ ಹಸಿರು ಮೈ ಹೊಳೆಯಿತು. ಎಲ್ಲರೂ ನೋಡುತ್ತಿದ್ದ ಹಾಗೆ ಆ ಹಸಿರಿನ ಮೇಲೆ ಮತ್ತೆ ತೆಳ್ಳಗೆ ಬೂದಿ ಮೂಡಿತು. ಒರೆಸಿದಳು, ಮತ್ತೆ ಮೂಡಿತು. ಮತ್ತೆ ಒರೆಸಿದಳು, ಮತ್ತೆ ಮೂಡಿತು. ಮಾತು ನಿಲ್ಲಿಸಿದ ಕಾಯಿ ತನಗೆ ತಿಳಿದ ಹಾಗೆ ಉತ್ತರ ಹೇಳುತ್ತಿತ್ತು. ಅವ್ವ ಹೊದಿಸಿದ್ದನ್ನು ಅದು ತೆಗೆಯುವುದಿಲ್ಲ.

"ಯಾಕೆ ಎರಚಿದೆ ಅಂತ ಬಳ್ಳಿ ಕೇಳಲಿಲ್ಲ ಕಣವ್ವ," ಎಂದಳು ಸಿದ್ದವ್ವ. "ನಾನೂ ಕೇಳಲ್ಲ."

ಆಮೇಲೆ ಕಾಯಿ ಹೋಳು ಮಾಡಿದರು. ಒಳಗೆ ಬೀಜವೋ ಬೀಜ, ಎಲ್ಲವೂ ಗಟ್ಟಿ. ಗಡಿಗೆ ಹೊನ್ನಿಯ ಮನೆಯಲ್ಲಿ ಇರಲಿ ಎಂದಳು ಸಿದ್ದವ್ವ. ಆದರೆ ಬರೀ ಬೀಜ ಇಟ್ಟು ಹುಳು ಹಿಡಿಸಿದ್ದು ಸಾಕು, ಇನ್ನು ಮೇಲೆ ಬೀಜವನ್ನು ಬೂದಿಯಲ್ಲಿ ಹೊರಳಿಸಿಯೇ ಇಡಬೇಕು, ಆ ಬೂದಿ ಮಾಳವ್ವನ ಒಲೆಯದ್ದೇ ಆಗಬೇಕು ಎಂದಳು. ಒಬ್ಬಳಿಲ್ಲದೆ ಇನ್ನೊಬ್ಬಳ ಗಡಿಗೆ ತುಂಬದು. ಗಡಿಗೆ ಆ ಮನೆಗೆ ಹೋದದ್ದಕ್ಕೆ ಮಾಳವ್ವನಿಗೆ ಉರಿಯಲಿಲ್ಲವೇ? ಉರಿಯಿತು, ಚೆನ್ನಾಗಿಯೇ ಉರಿಯಿತು. ಅವತ್ತು ಸಂಜೆ ಹೊನ್ನಿ ಸಾರು ತರಲಿಲ್ಲ, ಮರುದಿನವೂ ತರಲಿಲ್ಲ. ಬೀಜ ಹೊರಳಿಸುವ ದಿನ ಮಾಳವ್ವ ಮೊರದಲ್ಲಿ ಬೂದಿ ಹಿಡಿದು ಅವಳ ಬಾಗಿಲಿಗೆ ಹೋಗಿ ನಿಂತಳು. ಹೊನ್ನಿ ಅವಳ ಕೈಯ ಮೊರ ನೋಡಿದಳು, ಒಳಗೆ ಬಾ ಎಂದಳು.

ಮುಂದಿನ ಮಳೆಗಾಲದಲ್ಲಿ ಬೇಲಿಯ ಎರಡೂ ಕಡೆ ಬಳ್ಳಿ ಹಬ್ಬಿದವು. ಬೆಳಕು ಹರಿಯುವ ಹೊತ್ತಿಗೆ, ಇಬ್ಬನಿ ಆರುವ ಮೊದಲು, ಮಾಳವ್ವ ಬೂದಿ ಹಿಡಿದು ಎರಡೂ ಕಡೆ ಹೋಗುತ್ತಿದ್ದಳು. ಹೊನ್ನಿಯ ಕಡೆ ಒಂದು ಹಿಡಿ ಕಡಿಮೆ ಎರಚುತ್ತಿದ್ದಳಂತೆ. ಅದಕ್ಕೇ ಈಗಲೂ ಒಂದು ಕುಂಬಳಕ್ಕೆ ಬೂದಿ ದಟ್ಟ, ಇನ್ನೊಂದಕ್ಕೆ ತೆಳು.

ಈಗಲೂ ಹಿತ್ತಲಿಗೆ ಹೋಗಿ ನೋಡಿ. ಎಳೆ ಕುಂಬಳದ ಮೈಮೇಲೆ ಚಳಿಗೆ ಎದ್ದ ರೋಮ ಇರುತ್ತದೆ. ಬಲಿತ ಮೇಲೆ ಅದು ಬೂದಿ ಹೊದ್ದು ಬೆಚ್ಚಗೆ ಮಲಗಿರುತ್ತದೆ. ಬಳ್ಳಿಗೆ ಕೆಂಪು ದುಂಬಿ ಬಂದರೆ ನಿಮ್ಮಜ್ಜಿ ಬೆಳಿಗ್ಗೆಯೇ ಎದ್ದು ಒಲೆಯ ಬೂದಿ ಎರಚುತ್ತಾಳೆ. ಹೊಸ ಮನೆ ಕಟ್ಟಿದವರು, ಹೊಸ ಅಂಗಡಿ ಇಟ್ಟವರು ಬಾಗಿಲ ಮುಂದೆ ಬೂದುಗುಂಬಳವನ್ನೇ ಕಟ್ಟುತ್ತಾರೆ, ದಾರಿಯಲ್ಲಿ ಹೋಗುವವರ ಹೊಟ್ಟೆಕಿಚ್ಚಿನ ಕಣ್ಣು ಮೊದಲು ಅದರ ಮೇಲೆ ಬೀಳಲಿ ಎಂದು. ಅಂಥ ಕಣ್ಣಿಗೆ ಅದು ಹೆದರುವುದಿಲ್ಲ ಮಕ್ಕಳೇ. ಅದನ್ನು ಸಾಕಿದವಳ ಕಣ್ಣೂ ಅಂಥದ್ದೇ.